ಕಾಶವ್ವ ಹೊಡೆದ ಸೂರ್ಯ

ವಿಲೆ ಪಾರ್ಲೆಯ ನಮ್ಮ ಚಾಳಿನ ಅಂಗಳಕ್ಕೆ ಕಾಶವ್ವ ಮೊದಲ ಸಲ ಬಂದದ್ದು ೧೯೫೨ರ ದಸರೆಯ ಹೊತ್ತಿಗೆ. ಒರಳುಕಲ್ಲು ಸವೆದು ನುಣುಪಾದರೆ ಅಕ್ಕಿ ಜಾರುತ್ತದೆ, ಎಷ್ಟು ರುಬ್ಬಿದರೂ ಹಿಟ್ಟಾಗುವುದಿಲ್ಲ. ಆಗ ಅದರ ಮೈತುಂಬ ಸಣ್ಣ ಕುಳಿ ಹೊಡೆದು ಮತ್ತೆ ತರಿ ಮಾಡಿಸಬೇಕು. ಮುಂಬಯಿಯಲ್ಲಿ ಅದಕ್ಕೆ ಟಾಕಿ ಹೊಡೆಯುವುದು ಅನ್ನುತ್ತಾರೆ. ಆ ಕೆಲಸಕ್ಕೆ ಬರುತ್ತಿದ್ದವರೆಲ್ಲ ಗಂಡಸರು. ಹೆಂಗಸೊಬ್ಬಳು ಸುತ್ತಿಗೆ ಹಿಡಿದು "ಟಾಕೀ" ಎಂದು ಕೂಗಿದಾಗ ನಾವೆಲ್ಲ ಗ್ಯಾಲರಿಗೆ ಬಂದು ಬಗ್ಗಿ ನೋಡಿದೆವು.

ನಲವತ್ತರ ಆಸುಪಾಸಿನ, ಎತ್ತರದ ಹೆಂಗಸು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದಳು. ನನ್ನ ಒರಳನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತವಳು ಮುಗಿಯುವ ತನಕ ತಲೆ ಎತ್ತಲಿಲ್ಲ. ಕೊನೆಗೆ ಅಂಚಿನಲ್ಲಿ ಏಳು ಕುಳಿಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಹೊಡೆದಳು.

"ಇದೆಂತ?" ಎಂದೆ.

"ನನ್ನ ಕೈ ಗುರುತು ಅಕ್ಕಾರ. ಟಾಕಿ ಲಗೂನ ಸವದ್ರ ನನ್ನ ಹಿಡದ ಬೈರಿ, ಬ್ಯಾರೇದವ್ರನ್ನ ಬೈಬ್ಯಾಡ್ರಿ."

ಘಾಟ್ಕೋಪರಿನ ಕಲ್ಲು ಒಡೆಯುವ ಕ್ವಾರಿ ಗುಡ್ಡದ ಬುಡದಲ್ಲಿ ಅವಳ ಗುಡಿಸಲು. ಅಲ್ಲಿಂದ ಲೋಕಲ್ ಹಿಡಿದು, ದಾದರಿನಲ್ಲಿ ಇಳಿದು, ಇನ್ನೊಂದು ಲೋಕಲ್ ಹತ್ತಿ ಪಾರ್ಲೆಗೆ ಬರಬೇಕು. ಅಷ್ಟು ದೂರ ಯಾಕೆ ಬರುತ್ತೀ, ಘಾಟ್ಕೋಪರಿನಲ್ಲಿ ಒರಳುಗಳಿಲ್ಲವೇ ಎಂದು ಕೇಳಿದ್ದಕ್ಕೆ, "ಇಲ್ಲೊಬ್ರ ಮನ್ಯಾಗ ಒಂದ ಕಲ್ಲೈತ್ರಿ. ಅದನ್ನ ನೋಡ್ಕೋಂತ ಇರಬೇಕು" ಎಂದಳು. ನನಗೆ ಅರ್ಥವಾಗಲಿಲ್ಲ.

ನಾನು ಉಡುಪಿ ಕಡೆಯವಳು. ಗಂಡ ರಮಾನಾಥ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ನಾನು ಪಾರ್ಲೆಯ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಎರಡನೆಯ ಸಲ ಬಂದಾಗ ಕಾಶವ್ವ ಸೆರಗಿನಿಂದ ಒಂದು ಹಳೆಯ ಮಾಸಪತ್ರಿಕೆ ತೆಗೆದು ನನ್ನ ಮುಂದಿಟ್ಟಳು. ನಮ್ಮ ಮುಂಬಯಿ ಕನ್ನಡಿಗರದೇ ಪತ್ರಿಕೆ. "ಇದರಾಗ ಏನ ಬರದಾನ ಓದ್ರಿ ವಸಂತಕ್ಕಾ. ಒಂದ ಅಕ್ಷರಾನೂ ಬಿಡಬ್ಯಾಡ್ರಿ."

ಲೇಖನ ಬರೆದವರು ನೀಲಕಂಠಪ್ಪ ಅರಳಿಕಟ್ಟಿ. ಬೆಳಗಾವಿ ಕಡೆಯ ಕಟ್ಟಡ ಕಂತ್ರಾಟುದಾರರು, ಪಾರ್ಲೆಯಲ್ಲಿ ದೊಡ್ಡ ಬಂಗಲೆ ಕಟ್ಟಿಸಿದವರು, ಕನ್ನಡ ಸಂಘದ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಯವರು. ಘಾಟ್ಕೋಪರಿನ ಗುಡ್ಡದಲ್ಲಿ ತಾವು ಒಬ್ಬರೇ ಅಲೆದಾಡುತ್ತಿದ್ದಾಗ, ಕಬ್ಬಿಣವೇ ಇಲ್ಲದ ಕಾಲದ ಮನುಷ್ಯರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ ಸೂರ್ಯನ ಗುರುತುಗಳನ್ನು ಕಂಡುಹಿಡಿದದ್ದಾಗಿ ಬರೆದಿದ್ದರು. ಒಂದರೊಳಗೊಂದು ಮೂರು ವೃತ್ತ, ಸುತ್ತ ಕಿರಣ, ಪಕ್ಕದಲ್ಲಿ ನಾಲ್ಕು ಅರೆಗಳ ಗಾಲಿ. "ಕಳ್ಳನೊಬ್ಬನು ಆ ಶಿಲೆಯನ್ನು ಕಿತ್ತು ಮಾರಲು ಯತ್ನಿಸಿ ಅದರಡಿಯಲ್ಲೇ ಸಿಕ್ಕಿ ಮಡಿದನು. ದೈವವಶಾತ್ ಶಿಲೆ ನನ್ನ ಕೈಸೇರಿತು" ಎಂಬ ವಾಕ್ಯ ಓದುವಾಗ ಕಾಶವ್ವ ನನ್ನ ಕೈ ಹಿಡಿದಳು.

"ಇನ್ನೊಮ್ಮೆ ಓದ್ರಿ."

ಓದಿದೆ.

"ಆ ಕಳ್ಳ ನನ್ನ ಗಂಡ" ಎಂದಳು.

ಮುಂದಿನ ಮೂರು ನಾಲ್ಕು ತಿಂಗಳಲ್ಲಿ, ಬಂದಾಗಲೆಲ್ಲ ಅಷ್ಟಷ್ಟು ಹೇಳಿ ಅವಳು ತನ್ನ ಕತೆಯನ್ನು ಪೂರ್ತಿ ಮಾಡಿದಳು.

ಗಂಡ ಮುರಿಗೆಪ್ಪ ಬಾದಾಮಿ ಕಡೆಯ ಕಲ್ಲುಕುಟಿಗ. ಅವನ ಅಜ್ಜ ಊರ ಗುಡ್ಡಗಳಲ್ಲಿ ಇಂಥ ಗುರುತುಗಳನ್ನು ತೋರಿಸಿ, ಇವು ನೇಸರಗಲ್ಲು, ಇವುಗಳ ಮೇಲೆ ಸುತ್ತಿಗೆ ಎತ್ತಬಾರದು ಎಂದು ಹೇಳಿಕೊಟ್ಟಿದ್ದನಂತೆ. ಘಾಟ್ಕೋಪರಿನ ಕ್ವಾರಿಯಲ್ಲಿ ಹೊಸ ಮಗ್ಗುಲು ತೆರೆಯಲು ಹುಲ್ಲು ಕೆತ್ತುತ್ತಿದ್ದಾಗ ಮುರಿಗೆಪ್ಪನಿಗೆ ಅಂಥದೇ ಕಲ್ಲು ಕಂಡಿತು. ಅವನು ಅದರ ಮೇಲೆ ಮತ್ತೆ ಹುಲ್ಲು ಮುಚ್ಚಿ, ಸಿಡಿಮದ್ದು ಇಡುವ ಜಾಗವನ್ನು ಉಪಾಯವಾಗಿ ಆಚೆಗೆ ಸರಿಸಿದ. ಆಮೇಲೆ ಒಂದು ವರ್ಷ, ದಿನಾ ಕೆಲಸಕ್ಕೆ ಮುಂಚೆ ಹೋಗಿ ಅದರ ಮುಂದೆ ಕೂರುತ್ತಿದ್ದ. ವೃತ್ತದಿಂದ ಮೂರು ಉದ್ದ ಗೆರೆಗಳು ಹೊರಟಿದ್ದವು. ಸಂಕ್ರಾಂತಿಯ ಸುಮಾರಿಗೆ ಸಮುದ್ರದ ಖಾಡಿಯಾಚೆಯ ಗುಡ್ಡಗಳಲ್ಲಿ ಸೂರ್ಯ ಹುಟ್ಟುವುದು ಬಲಗಡೆ ಗೆರೆಯ ನೇರಕ್ಕೆ. ಹಗಲು ರಾತ್ರಿ ಸಮ ಆಗುವಾಗ ನಡುವಿನ ಗೆರೆಗೆ. ಜೂನಿನ ಮಿರಗದ ಮಳೆಗೆ ಮುಂಚೆ ಎಡಗಡೆಯದಕ್ಕೆ. "ಯಾರೋ ಹಿರಿಯಾರು ಇಲ್ಲಿ ಕುಂತು ಸೂರ್ಯಾ ಎಲ್ಲಿಂದೆಲ್ಲಿಗೆ ಹೊಕ್ಕಾನ ಅಂತ ಕಾದು ನೋಡ್ಯಾರ ನೋಡು" ಎಂದು ಹೆಂಡತಿಯನ್ನೂ ಕರೆದೊಯ್ದು ತೋರಿಸಿದ್ದ.

ಕಲ್ಲು ಕೊಳ್ಳಲು ಕ್ವಾರಿಗೆ ಬರುತ್ತಿದ್ದ ನೀಲಕಂಠಪ್ಪನವರಿಗೆ ಅದನ್ನು ತೋರಿಸಿದವನೂ ಮುರಿಗೆಪ್ಪನೇ. ನಮ್ಮ ಕಡೆಯವರು, ಓದಿದವರು, ಕಲ್ಲನ್ನು ಉಳಿಸಿಯಾರು ಎಂದು ನಂಬಿದ್ದ. ಅವರು ನೋಡಿದವರೇ, ಇದು ನಮ್ಮ ಬಂಗಲೆಯ ವರಾಂಡದಲ್ಲಿರಬೇಕು, ಎಬ್ಬಿಸು ಎಂದರು.

"ಎತ್ತಿದ್ರ ಅದು ಕುರುಡಾಗತೈತ್ರಿ. ಸೂರ್ಯಾನ ಮಾರಿಗೆ ಇಟ್ಟದ್ದದು" ಎಂದ ಮುರಿಗೆಪ್ಪ.

"ನಿನ್ನ ಬುದ್ಧಿ ಕೇಳಿಲ್ಲ. ನಾಳೆ ಎಬ್ಬಿಸದಿದ್ರ ನಾಡದ ಈ ಗುಡ್ಡದಾಗ ನಿನಗ ಕೆಲಸಿಲ್ಲ."

ಮರುದಿನ ಬೆಳಿಗ್ಗೆ ಚಪ್ಪಡಿ ಸೀಳಿ, ಮರದ ದಿಮ್ಮಿಗಳ ಮೇಲೆ ಉರುಳಿಸುವಾಗ ಇಳಿಜಾರಿನಲ್ಲಿ ಅದು ಜಾರಿ ಮುರಿಗೆಪ್ಪನ ಎದೆಯ ಮೇಲೆ ಬಂತು. ಅಲ್ಲೇ ಜಲ್ಲಿ ಹೊರುತ್ತಿದ್ದ ಕಾಶವ್ವ ಬುಟ್ಟಿ ಬಿಸಾಡಿ ಓಡಿದಳು. ಮುರಿಗೆಪ್ಪನಿಗೆ ಇನ್ನೂ ಉಸಿರಿತ್ತು. ಕೆಳಗೆ ಕಾರಿನ ಪಕ್ಕ ನಿಂತಿದ್ದ ನೀಲಕಂಠಪ್ಪ ಡಾಕ್ಟರನ್ನು ತರುತ್ತೇನೆಂದು ಬಾಗಿಲು ಹಾಕಿಕೊಂಡು ಹೋದರು. ಡಾಕ್ಟರು ಬರಲಿಲ್ಲ. ಬಂದದ್ದು ಪೊಲೀಸರು, ಅದೂ ಮುರಿಗೆಪ್ಪ ತೀರಿಕೊಂಡ ಮೇಲೆ. ತಾನು ಆ ಬೆಳಿಗ್ಗೆ ಗುಡ್ಡಕ್ಕೆ ಹೋಗಿಯೇ ಇಲ್ಲ, ಕೂಲಿಯವನು ಕಲ್ಲು ಕದಿಯುತ್ತಿದ್ದ ಎಂದು ನೀಲಕಂಠಪ್ಪ ಬರೆಸಿಬಿಟ್ಟಿದ್ದರು. ಕ್ವಾರಿಯವರು ಕಾಶವ್ವನನ್ನು ಹೊರಗೆ ಹಾಕಿದರು. ಮಗಳು ರುದ್ರವ್ವನನ್ನು ಒಪ್ಪಿಕೊಂಡು ಹೋಗಿದ್ದ ಬೀಗರು, ಕಳ್ಳನ ಮನೆಯ ಹೆಣ್ಣು ಬೇಡವೆಂದು ಹೇಳಿ ಕಳಿಸಿದರು. ಕೇರಿಯ ಹಿರಿಯರೂ ಪೊಲೀಸರ ಕಾಗದವನ್ನೇ ನಂಬಿದರು.

"ಚೌಕಿಗೆ ಹೋಗಿ ಹೇಳಬಾರದಿತ್ತಾ?" ಎಂದೆ.

"ಮೂರ ಸಲ ಹೋಗೀನ್ರಿ. ಮೂರನೇ ಸಲ, ನೀನೂ ಕಳ್ಳಿ ಇರಬೇಕು, ಒಳಗ ಹಾಕ್ತೀನಿ ಅಂದ್ರು. ಅವತ್ತ ಬಿಟ್ಟೆ. ಇನ್ನ ನಾ ಯಾರ ಮುಂದನೂ ಬೇಡೂದಿಲ್ಲ. ಅಂವಾ ಮಂದ್ಯಾಗ ತಲಿ ಎತ್ತಿ ತಿರಗತಾನಲ್ಲ, ಆ ತಲಿ ನನಗ ಬೇಕು."

ಹೀಗೆಂದಾಗ ಅವಳ ದನಿ ಏರಿರಲಿಲ್ಲ. ಸಾಣೆಕಲ್ಲಿನ ಮೇಲೆ ಉಳಿ ಮಸೆಯುತ್ತಲೇ ಇದ್ದಳು. ನನಗೆ ಹೆದರಿಕೆಯಾಯಿತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಸಂಘದ ಸಭೆಗಳಲ್ಲಿ ಆ ಮನುಷ್ಯ ನನ್ನ ಗಂಡನನ್ನು "ಏ ಹೋಟೆಲ್" ಎಂದು ಕರೆಯುತ್ತಿದ್ದದ್ದು ನನಗೆ ಮರೆತಿರಲಿಲ್ಲ.

ನೀಲಕಂಠಪ್ಪನವರ ಬಂಗಲೆಯ ಅಡುಗೆಮನೆಗೂ ಅವಳು ಟಾಕಿ ಹೊಡೆಯಲು ಹೋಗತೊಡಗಿದಳು. ಅವರಿಗೆ ಗುರುತು ಹತ್ತಲಿಲ್ಲ. ಗುರುತು ಹತ್ತಲು ಅವರು ಯಾವತ್ತೂ ಅವಳ ಮುಖ ನೋಡಿದವರೇ ಅಲ್ಲ. ವರಾಂಡದ ಪಶ್ಚಿಮದ ಗೋಡೆಗೆ ಕಲ್ಲನ್ನು ನಿಲ್ಲಿಸಿ, ಮೇಲೊಂದು ವಿದ್ಯುದ್ದೀಪ ಹಾಕಿಸಿದ್ದರು. ಬಂದವರ ಮುಂದೆ ಒಂದೊಂದು ಗೆರೆ ಮುಟ್ಟಿ ಭಾಷಣ ಮಾಡುತ್ತಿದ್ದರು. ಮೂರು ಗೆರೆ ಯಾಕೆ ಎಂದು ಯಾರಾದರೂ ಕೇಳಿದರೆ, ತ್ರಿಮೂರ್ತಿಗಳು ಅನ್ನುತ್ತಿದ್ದರು. ಕಾಶವ್ವ ಒಳಗೆ ಒರಳಿನ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಈ ಮನುಷ್ಯನಿಗೆ ಸೂರ್ಯ ಹುಟ್ಟುವುದನ್ನು ನೋಡಿಯೇ ಗೊತ್ತಿಲ್ಲ ಎಂಬುದು ಅವಳಿಗೆ ಅಲ್ಲಿ ತಿಳಿಯಿತು. ಅವರು ಏಳುವುದೇ ಎಂಟು ಗಂಟೆಗೆ.

೧೯೫೩ರ ಬೇಸಗೆಯಲ್ಲಿ ಅವಳು ಒಂದೂವರೆ ತಿಂಗಳು ಪಾರ್ಲೆಗೆ ಬರಲಿಲ್ಲ. ಕ್ವಾರಿಯ ಸದ್ದು ತಲುಪದ, ಗುಡ್ಡದ ಆಚೆಯ ಇಳಿಜಾರಿನಲ್ಲಿ ಒಂದು ಬಂಡೆ ಆರಿಸಿಕೊಂಡಿದ್ದಳು. ಬಂಡೆಯ ಮುಖ ಈಶಾನ್ಯಕ್ಕೆ. ಅದರ ಆಗ್ನೇಯ ಮಗ್ಗುಲಿಗೆ ಗುಡ್ಡದ ಭುಜ ಗೋಡೆಯಂತೆ ಎದ್ದಿತ್ತು. ಉಳಿ ಮುಟ್ಟದೆ, ಮುರಿಗೆಪ್ಪ ಹೇಳಿದ್ದ ಹಳೆಯ ರೀತಿಯಲ್ಲೇ, ಗಟ್ಟಿ ಕರಿಗಲ್ಲಿನ ಗುಂಡು ಹಿಡಿದು ಕುಟ್ಟಿದಳು. ವೃತ್ತ, ಕಿರಣ, ಗಾಲಿ. ಬೆರಳುಗಳ ಚರ್ಮ ಹೋಯಿತು. ಕೆಳಗೆ ಒಂದು ಮೂಲೆಯಲ್ಲಿ ಏಳು ಕುಳಿಗಳ ಮೀನುಮುಳ್ಳು. ಆಮೇಲೆ ಸಗಣಿ, ಮಜ್ಜಿಗೆ, ಕೆಮ್ಮಣ್ಣು ಬಳಿದು ಮಳೆಗಾಲಕ್ಕೆ ಬಿಟ್ಟಳು. ಮಳೆ ಮುಗಿಯುವಷ್ಟರಲ್ಲಿ ಪಾಚಿ ಹಿಡಿದು, ಒಣಗಿ, ಎಷ್ಟೋ ಕಾಲದ ಹಿಂದಿನ ಕೆಲಸದಂತೆ ಕಂಡಿತಂತೆ.

ಇದನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ೧೯೫೪ರ ಮೇ ತಿಂಗಳಲ್ಲಿ ಕಾಶವ್ವ ಬಂಗಲೆಯಲ್ಲಿ, ಇಂಥದೇ ಇನ್ನೊಂದು ಕಲ್ಲು ನಮ್ಮ ಕಡೆ ಗುಡ್ಡದಲ್ಲಿದೆ ಎಂದು ಬಾಯಿಬಿಟ್ಟಳು. ನೀಲಕಂಠಪ್ಪ ಆ ಒಂದು ದಿನ ಮಾತ್ರ ಕತ್ತಲೆಯಲ್ಲೇ ಎದ್ದು ಅವಳ ಹಿಂದೆ ಗುಡ್ಡ ಹತ್ತಿದರು. ಮೇ ತಿಂಗಳ ಸೂರ್ಯ ಈಶಾನ್ಯದ ಕಡೆಗೇ ಹುಟ್ಟುವವನು. ಮೊದಲ ಬೆಳಕು ನೇರವಾಗಿ ಬಂಡೆಯ ನಡುವಿನ ವೃತ್ತದ ಮೇಲೆ ಬಿತ್ತು. ಅವರು ಕೈ ಮುಗಿದೇಬಿಟ್ಟರಂತೆ.

"ಮಂದಿನ್ನ ಕರಿಸಿ ತೋರಸಬೇಕಿದನ್ನ. ಸಂಕ್ರಾಂತಿ ದಿನಾ ಛಲೋ. ಅವತ್ತೂ ಹಿಂಗ ಬೀಳತೈತೇನ?" ಎಂದು ಕೇಳಿದರು.

"ಸೂರ್ಯಾ ಹುಟ್ಟೂದು ಮೂಡಣಕ್ಕ ಅಲ್ರೀ?" ಎಂದಳು ಕಾಶವ್ವ.

"ಮತ್ತೆಲ್ಲಿ ಹುಟ್ಟತಾನ ಹುಚ್ಚಿ?" ಎಂದು ಅವರು ನಕ್ಕರು.

ಈ ಸಲ ಕಲ್ಲನ್ನು ಅಲ್ಲಿಂದ ಎಬ್ಬಿಸಲಿಲ್ಲ. ಲೇಖನ ಬರೆದರು, ಮರಾಠಿಯಲ್ಲೂ ಬರೆಸಿದರು. ಸಂಕ್ರಾಂತಿಯ ಮೊದಲ ಕಿರಣ ನೇರವಾಗಿ ಈ ಸೂರ್ಯಚಕ್ರದ ಮೇಲೆ ಬೀಳುತ್ತದೆ, ಪ್ರಾಚೀನರ ಜಾಣತನಕ್ಕೆ ಇದೇ ಸಾಕ್ಷಿ ಎಂದು ಬರೆದರು. ಪುಣೆಯ ವಿದ್ವಾಂಸರಿಗೆ ಆಮಂತ್ರಣ ಹೋಯಿತು. ಅವರಲ್ಲಿ ಹಿರಿಯರೊಬ್ಬರು ಧಾರವಾಡದಲ್ಲಿ ಕೆಲವು ವರ್ಷ ಇದ್ದು ಕನ್ನಡ ಬಲ್ಲವರು. ಬರುತ್ತೇನೆಂದು ಕಾಗದ ಬರೆದರು.

೧೯೫೫ರ ಸಂಕ್ರಾಂತಿ. ಚಳಿಗೆ ಶಾಲು ಹೊದ್ದು ಅರುವತ್ತು ಎಪ್ಪತ್ತು ಜನ ಗುಡ್ಡ ಹತ್ತಿದೆವು. ಪತ್ರಿಕೆಯವರಿದ್ದರು, ಸಂಘದವರಿದ್ದರು, ನೀಲಕಂಠಪ್ಪನವರ ಹೆಂಡತಿ ವಿನೋದಿನಿಯವರು ರೇಷ್ಮೆ ಸೀರೆಯುಟ್ಟು ಎಳ್ಳುಬೆಲ್ಲದ ಡಬ್ಬಿ ಹಿಡಿದಿದ್ದರು. ಬಂಡೆಗೆ ಹೂಮಾಲೆ ಹಾಕಿತ್ತು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಕೆಳಗಿನ ಮೂಲೆಯಲ್ಲಿ ಏಳು ಕುಳಿಗಳು. ಜನರ ಹಿಂದೆ ನಿಂತಿದ್ದ ಕಾಶವ್ವನ ಕಡೆ ತಿರುಗಿದೆ. ಅವಳು ನನ್ನನ್ನು ನೋಡಿ ಸೆರಗು ಬಿಗಿದುಕೊಂಡಳು. ನಾನು ಹಿಂದಕ್ಕೆ ಬಂದು ನನ್ನ ಜಾಗದಲ್ಲಿ ನಿಂತೆ.

ನೀಲಕಂಠಪ್ಪ ಭಾಷಣ ಶುರುಮಾಡಿದರು. ಖಾಡಿಯಾಚೆ ಕೆಂಪೇರಿತು. ಎಲ್ಲರೂ ಬಂಡೆಯನ್ನೇ ನೋಡುತ್ತಿದ್ದೆವು. ಆಗ ಯಾರೋ, "ಅರೇ, ಸೂರಜ್ ತೋ ಉಧರ್ ಹೈ" ಎಂದರು. ಸೂರ್ಯ ನಮ್ಮ ಎಡಗಡೆ, ಗುಡ್ಡದ ಭುಜದ ಆಚೆ ಎದ್ದಿದ್ದ. ಕೆಳಗೆ ಗಿರಣಿಗಳ ಚಿಮಣಿಗಳ ಮೇಲೆ ಬಿಸಿಲು ಬಿತ್ತು, ಹಿಂದೆ ನಿಂತವರ ಹೆಗಲ ಮೇಲೆ ಬಿತ್ತು, ಬಂಡೆ ಮಾತ್ರ ನೆರಳಲ್ಲೇ ಉಳಿಯಿತು. ಹತ್ತು ನಿಮಿಷ ಕಾದೆವು. ಇಪ್ಪತ್ತು ನಿಮಿಷ. ನೀಲಕಂಠಪ್ಪ ಕೈಯಲ್ಲಿದ್ದ ಭಾಷಣದ ಕಾಗದವನ್ನು ಮೊದಲಿನಿಂದ ಮತ್ತೆ ಓದತೊಡಗಿದರು.

ಪುಣೆಯ ಹಿರಿಯರು ಮೆಲ್ಲಗೆ ಹೇಳಿದರು: "ಅರಳಿಕಟ್ಟಿಯವರೇ, ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಹುಟ್ಟುತ್ತಾನೆ. ಈ ಮುಖದ ಮೇಲೆ ಇವತ್ತು ಬೆಳಕು ಬೀಳುವುದೇ ಸಾಧ್ಯವಿಲ್ಲ. ನೀವು ಒಮ್ಮೆಯೂ ಬಂದು ನೋಡಲಿಲ್ಲವೆ?"

"ಈ ಹೆಂಗಸು ಹೇಳಿದ್ಲು" ಎಂದು ಅವರು ಕಾಶವ್ವನ ಕಡೆ ಬೆರಳು ಮಾಡಿದರು.

ಅವಳು ಕಾದಿದ್ದದ್ದು ಅದಕ್ಕೇ ಇರಬೇಕು. ಜನರನ್ನು ಸರಿಸಿ ಮುಂದೆ ಬಂದು, ಸೆರಗಿನಿಂದ ಕರಿಗಲ್ಲಿನ ಗುಂಡು ತೆಗೆದು, ಬಂಡೆಯ ಮುಂದೆ ಮಂಡಿಯೂರಿದಳು. ಎಡಗೈಯಲ್ಲಿ ಟಕ್ ಟಕ್ ಎಂದು ಹಳೆಯ ಮೀನುಮುಳ್ಳಿನ ಪಕ್ಕದಲ್ಲಿ ಹೊಸದೊಂದನ್ನು ಕುಟ್ಟಿದಳು. ಎರಡೂ ಒಂದೇ.

"ಇದು ನಾ ಹೊಡದದ್ದರಿ. ಹ್ವಾದ ವರ್ಷದ ಹಿಂದಿನ ಬ್ಯಾಸಗ್ಯಾಗ" ಎಂದಳು. "ಅಮ್ಮಾರ, ನಿಮ್ಮ ಮನಿ ಒರಳ ಅಂಚಿನ್ಯಾಗ ಏನೈತಿ ಹೇಳ್ರಿ."

ವಿನೋದಿನಿಯವರು ಬಗ್ಗಿ ನೋಡಿದರು. ಅವರ ಬಾಯಿಂದ ತಾನಾಗಿಯೇ ಬಂತು: "ಅಯ್ಯ, ಇದ ಐತಿ."

ಮೊದಲು ನಕ್ಕದ್ದು ಒಬ್ಬ ವರದಿಗಾರ. ಆಮೇಲೆ ಗುಡ್ಡಕ್ಕೆ ಗುಡ್ಡವೇ ನಕ್ಕಿತು. ನಗು ನಿಲ್ಲುವ ತನಕ ಕಾಶವ್ವ ನೀಲಕಂಠಪ್ಪನವರ ಮುಖವನ್ನೇ ನೋಡುತ್ತಿದ್ದಳು. "ನಾ ಮುರಿಗೆಪ್ಪನ ಹೇಣ್ತಿ" ಎಂದಳು. "ಡಾಕ್ಟರನ್ನ ತರತೀನಿ ಅಂತ ಹೋಗಿದ್ರಿ. ತಂದ್ರೇನು?"

ಅವರ ತಲೆ ತಗ್ಗಿತು.

ಪುಣೆಯ ಹಿರಿಯರು ಮಾತ್ರ ನಕ್ಕಿರಲಿಲ್ಲ. ಅವಳ ಬಳಿ ಬಂದು, "ತಾಯಿ, ಒಂದು ಮಾತು. ಇವರ ಮನೆಯಲ್ಲಿರುವ ಮೊದಲ ಕಲ್ಲು? ಅದೂ ನಿನ್ನ ಕೈಕೆಲಸವೇ? ಯೋಚಿಸಿ ಹೇಳು" ಎಂದರು.

ಆ ಕಲ್ಲು ನಿಜವೆಂದರೆ ಮುರಿಗೆಪ್ಪ ಕಂಡ ಸೂರ್ಯ ಉಳಿಯುತ್ತಿತ್ತು. ಅದರ ಜೊತೆಗೆ ನೀಲಕಂಠಪ್ಪನವರ ಹೆಸರೂ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಆ ಮನುಷ್ಯ ತಲೆ ಎತ್ತಿ, ಹಸಿದವರು ಅನ್ನ ನೋಡುವ ಹಾಗೆ ಅವಳನ್ನು ನೋಡಿದರು. ಕಾಶವ್ವನೂ ಅದನ್ನು ನೋಡಿದಳು.

"ಹೌದ್ರಿ. ಅದನ್ನೂ ನಾನ ಹೊಡದೀನಿ" ಎಂದಳು.

ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಗುಡ್ಡ ಇಳಿದರು.

ಪತ್ರಿಕೆಗಳಲ್ಲಿ ಒಂದು ವಾರ ಅದೇ ಸುದ್ದಿ. ಒರಳುಸೂರ್ಯ ಎಂದು ನೀಲಕಂಠಪ್ಪನವರಿಗೆ ಹೆಸರೇ ಬಿತ್ತು. ಸಂಘದ ಸಭೆಗಳಿಗೆ ಬರುವುದನ್ನು ಬಿಟ್ಟರು. ಪೇಟೆಯಲ್ಲಿ ಹುಡುಗರು ಹಿಂದಿನಿಂದ "ಟಾಕೀ" ಎಂದು ಕೂಗುತ್ತಿದ್ದರು. ಕಾಶವ್ವ ಈ ಸುದ್ದಿಗಳನ್ನು ನನ್ನಿಂದ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದಳು. ಯಾರು ನಕ್ಕರು, ಆತ ಯಾವ ಕಡೆ ಮುಖ ತಿರುಗಿಸಿದ, ಎಲ್ಲವೂ ಬೇಕು ಅವಳಿಗೆ.

ಆ ಮೇ ತಿಂಗಳ ಒಂದು ಮಧ್ಯಾಹ್ನ ನೀಲಕಂಠಪ್ಪ ನಮ್ಮ ಖೋಲಿಗೇ ಬಂದರು. ಕಾಶವ್ವ ನನ್ನ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಅವರು ಬಡಕಲಾಗಿದ್ದರು, ಅಂಗಿ ಇಸ್ತ್ರಿ ಕಂಡಿರಲಿಲ್ಲ.

"ಕಾಶವ್ವಾ, ಮೊದಲಿನ ಕಲ್ಲು ಖರೇದು ಅಂತ ನಿನಗ ಗೊತ್ತೈತಿ, ನನಗ ಗೊತ್ತೈತಿ. ಅಷ್ಟು ಬರಸಿ ಹೆಬ್ಬಟ್ಟು ಒತ್ತು. ಮುರಿಗೆಪ್ಪ ಕಳ್ಳ ಅಲ್ಲ, ನಾನ ಎಬ್ಬಸಂದೆ, ನಾನ ಬಿಟ್ಟ ಓಡಿದೆ ಅಂತ ನಾ ಬರದ ಕೊಡತೀನಿ."

ಅವಳು ಲೋಟ ಕೆಳಗಿಟ್ಟಳು. "ಮೊದಲ ನಿಂದು" ಎಂದಳು.

ನಾನು ಕಾಗದ ತಂದೆ. ಅವರು ಹೇಳುತ್ತ ಹೋದರು, ನಾನು ಬರೆದೆ. ಡಾಕ್ಟರರ ವಿಷಯಕ್ಕೆ ಬಂದಾಗ ಅದನ್ನು ಹಾರಿಸಿ ಮುಂದೆ ಹೋಗಲು ನೋಡಿದರು. ಕಾಶವ್ವ ಬಿಡಲಿಲ್ಲ, ಅದನ್ನೂ ಬರೆಸಿದಳು. ಅವರು ಸಹಿ ಹಾಕಿದರು, ಗ್ಯಾಲರಿಯ ಇಬ್ಬರು ಸಾಕ್ಷಿ ಹಾಕಿದರು. ಕಾಶವ್ವ ಕಾಗದವನ್ನು ಮಡಿಸಿ ಕುಪ್ಪಸದೊಳಗೆ ಸೇರಿಸಿ ಎದ್ದು ನಿಂತಳು.

"ಈಗ ನಿಂದು" ಎಂದರು ಅವರು.

"ನನ್ನ ಗಂಡ ಕಲ್ಲಿನಡಿ ನೀರ ಕೇಳಾಕತ್ತಿದ್ದ. ನೀ ಕಾರಿನ ಬಾಗಲಾ ಹಾಕ್ಕೊಂಡಿ. ನಾನೂ ಹಾಕ್ಕೋತೀನಿ ಈಗ. ಹೋಗು."

ಅವರು ಗೋಡೆ ಹಿಡಿದು ಮೆಟ್ಟಿಲಿಳಿದರು. ನನಗೆ ನಾಚಿಕೆಯಾಯಿತು. "ಮಾತು ಕೊಟ್ಟ ಹಾಗಲ್ಲವಾ ಕಾಶವ್ವಾ?" ಎಂದೆ. "ನಾ ಏನೂ ಕೊಟ್ಟಿಲ್ರಿ. ಮೊದಲ ನಿಂದು ಅಂದೆ ಅಷ್ಟ" ಎಂದು ಚೀಲ ಎತ್ತಿಕೊಂಡಳು.

ಆ ಕಾಗದವನ್ನು ಅವಳು ಕೇರಿಯ ಹಿರಿಯರ ಮುಂದೆ ಓದಿಸಿದಳು. ಮುರಿಗೆಪ್ಪನ ಮೇಲಿನ ಕಳಂಕ ಹೋಯಿತು. ಬೀಗರು ತಪ್ಪಾಯಿತೆಂದು ಮತ್ತೆ ಬಂದರು. ಕಾಶವ್ವ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಕಳಿಸಿ, ರುದ್ರವ್ವನನ್ನು ಇಂಡಿ ಕಡೆಯ ಬೇರೆ ಮನೆಗೆ ಕೊಟ್ಟಳು. ಪೊಲೀಸರು ಕಾಗದ ಇಟ್ಟುಕೊಂಡರು, ಏನೂ ಮಾಡಲಿಲ್ಲ.

೧೯೫೮ರಲ್ಲಿ ನೀಲಕಂಠಪ್ಪ ಬಂಗಲೆ ಮಾರಿ ಊರಿಗೆ ಹೋದರು. ಮುಂದಿನ ವರ್ಷ ಅಲ್ಲೇ ತೀರಿಕೊಂಡರೆಂದು ಕೇಳಿದೆವು. ಬಂಗಲೆ ಕೊಂಡವರು ವರಾಂಡದ ಕಲ್ಲನ್ನು ಹಿತ್ತಲಿನ ನಲ್ಲಿಯ ಕೆಳಗೆ ಹಾಸಿದ್ದಾರೆಂದು ನಾನೇ ಕಾಶವ್ವನಿಗೆ ಹೇಳಿದೆ. ಹೇಳಬಾರದಿತ್ತೇನೋ. ನೋಡಬೇಕು ಎಂದಳು. ಇಬ್ಬರೂ ಹೋದೆವು.

ಮನೆಗೆಲಸದ ಬಾಯಿಯೊಬ್ಬಳು ಅದರ ಮೇಲೆ ಚಾದರ ಹಾಕಿ ಮರದ ಬಡಿಗೆಯಿಂದ ಬಡಿಯುತ್ತಿದ್ದಳು. ಸಾಬೂನಿನ ನೀರು ಮೂರು ಗೆರೆಗಳಲ್ಲಿ ಹರಿದು ಹೋಗುತ್ತಿತ್ತು. ಒಂದು ಕಡೆಯ ಕಿರಣಗಳು ಆಗಲೇ ಸವೆದಿದ್ದವು. ಕಾಶವ್ವ ಬಕೆಟ್ಟಿನಿಂದ ಒಂದು ತಂಬಿಗೆ ನೀರು ಸುರಿದು, ನಡುವಿನ ವೃತ್ತವನ್ನು ಬೆರಳಿನಿಂದ ಒಂದು ಸುತ್ತು ತಡವಿದಳು.

"ಹೇ ಕಾಯ್ ಆಹೆ ಗ, ಅಸಲೇ ಗೋಲ್ ಗೋಲ್?" ಎಂದು ಆ ಬಾಯಿ ವೃತ್ತಗಳನ್ನು ತೋರಿಸಿ ಅವೇನೆಂದು ಕೇಳಿದಳು.

ಕಾಶವ್ವನ ಮರಾಠಿ ಚೆನ್ನಾಗಿತ್ತು. ಸೂರ್ಯನ ವಿಷಯ ಹೇಳುತ್ತಾಳೆಂದೇ ನಾನು ಕಾದೆ. ಅವಳು "ಬಟ್ಟಿ ಜಾರಬಾರದಂತ ಟಾಕಿ ಹೊಡೆದದ್ದು" ಎಂಬರ್ಥದ ಮಾತನ್ನು ಮರಾಠಿಯಲ್ಲಿ ಹೇಳಿ ಎದ್ದಳು.

ಸ್ಟೇಷನ್ನಿನ ತನಕ ಒಟ್ಟಿಗೇ ನಡೆದೆವು. ಹೊಟ್ಟೆ ತಣ್ಣಗಾಯಿತಾ ಎಂದು ಕೇಳಿದೆ. ಅವಳು ತಲೆಯಾಡಿಸಿದಳು. "ಇಲ್ರಿ ವಸಂತಕ್ಕಾ. ಅಂವಾ ಸತ್ತಾನಂತ ಕೇಳಿದ ದಿನಾನೂ ಆಗಲಿಲ್ಲ. ಇನ್ನೊಮ್ಮೆ ಸಿಕ್ಕಿದ್ರ ಇನ್ನೊಮ್ಮೆ ಮಾಡ್ತಿದ್ದೆ." ದಾದರಿನ ಲೋಕಲ್ ಬಂತು. ಹೆಂಗಸರ ಡಬ್ಬಿ ತುಂಬಿತ್ತು. ಚೀಲವನ್ನು ಮುಂದೆ ತಳ್ಳಿ, ಮೊಣಕೈಯಿಂದ ದಾರಿ ಮಾಡಿಕೊಂಡು ಅವಳು ಒಳಗೆ ಹೋದಳು.